ಔಟ್‌ಬೋರ್ಡ್ ಎಂಜಿನ್: ಗೇರ್ ದೋಷಗಳು

ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಬಿಗಿದು, ಬೇಕೆಂದಾಗ ಬಿಚ್ಚಿ ಹೊತ್ತೊಯ್ಯಬಹುದಾದ ಎಂಜಿನ್ನೇ ಔಟ್‌ಬೋರ್ಡ್. ಅಮೆರಿಕದಲ್ಲಿ ಓಲೆ ಎವಿನ್‌ರೂಡ್ 1909ರಲ್ಲಿ ಇದನ್ನು ಮಾರಾಟಕ್ಕಿಳಿಸಿದಾಗ ಗೇರ್ ಹಿಡಿಯೇ ಇರಲಿಲ್ಲ. ಎಂಜಿನ್ ಚಾಲೂ ಆದರೆ ದೋಣಿ ಹೊರಟಿತೆಂದೇ ಲೆಕ್ಕ. ಕರ್ನಾಟಕದ ಕರಾವಳಿಯ ನಾಡದೋಣಿಗಳಿಗೆ ಇದು ವ್ಯಾಪಕವಾಗಿ ಬಂದದ್ದು 1980ರ ದಶಕದಿಂದೀಚೆಗೆ. ಪೆಟ್ರೋಲಿನಲ್ಲಿ ಹೊತ್ತಿಸಿ ಸೀಮೆಎಣ್ಣೆಗೆ ಬದಲಿಸುವ ಮಾದರಿಗಳೇ ಇಲ್ಲಿ ಹೆಚ್ಚು.

ಜೂನ್ 1ರಿಂದ ಜುಲೈ 31ರವರೆಗಿನ ಮಳೆಗಾಲದ ಮೀನುಗಾರಿಕೆ ನಿಷೇಧದಿಂದ 10 ಅಶ್ವಶಕ್ತಿವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ವಿನಾಯಿತಿಯಿದೆ. ಹಾಗಾಗಿ ಕಡಲು ಅತಿ ಒರಟಾಗಿರುವ ದಿನಗಳಲ್ಲೇ ಈ ಸಣ್ಣ ಎಂಜಿನ್‌ಗಳಿಗೆ ದುಡಿಮೆ. ಗಂಗೊಳ್ಳಿಯಂಥ ಅಳಿವೆ ದಾಟುವಾಗ ಗೇರ್ ಜಾರಿದರೆ ದೋಣಿ ಅಲೆಗೆ ಅಡ್ಡಲಾಗಿ ತಿರುಗಿ ಮಗುಚುವ ಅಪಾಯವಿದೆ.

ಎಂಜಿನ್ನಿನ ಬುಡದ ಗೇರ್ ಪೆಟ್ಟಿಗೆಯಲ್ಲಿ ಮೇಲಿನಿಂದಿಳಿದ ಶಾಫ್ಟ್‌ನ ಪಿನಿಯನ್, ಮುಂದಿನ ಮತ್ತು ಹಿಂದಿನ ಗೇರ್‌ಗಳೆರಡನ್ನೂ ಸದಾ ತಿರುಗಿಸುತ್ತಿರುತ್ತದೆ. ನಡುವೆ ಪ್ರೊಪೆಲರ್ ಶಾಫ್ಟ್ ಮೇಲೆ ಜಾರುವ ಕ್ಲಚ್ ಡಾಗ್ ಯಾವ ಗೇರ್‌ಗೆ ಕಚ್ಚಿಕೊಂಡಿತೋ ಆ ದಿಕ್ಕಿಗೆ ಪ್ರೊಪೆಲರ್ ತಿರುಗುತ್ತದೆ. ಕ್ಲಚ್ ಡಾಗ್‌ನ ಹಲ್ಲುಗಳ ಮೂಲೆ ಸವೆದು ದುಂಡಗಾದಾಗ ಎಂಜಿನ್ ವೇಗ ಏರಿಸಿದೊಡನೆ ಟಕ್ ಟಕ್ ಎಂದು ಗೇರ್ ಹಾರುತ್ತದೆ. ಸವೆಯಿಸುವುದು ಹೆಚ್ಚಾಗಿ ಚಾಲಕನ ಕೈಯೇ: ನಾಜೂಕಾಗಿ ನಿಧಾನಕ್ಕೆ ಹಿಡಿ ಎಳೆದರೆ ಹಲ್ಲುಗಳು ಅರೆಬರೆ ಕಚ್ಚಿ ಉಜ್ಜುತ್ತವೆ. ಎಂಜಿನ್ನನ್ನು ಐಡ್ಲಿಂಗ್‌ಗೆ ಇಳಿಸಿ, ಒಂದೇ ಏಟಿಗೆ ಗೇರ್ ಹಾಕಬೇಕು. ಐಡ್ಲಿಂಗ್ ವೇಗವೇ ಜಾಸ್ತಿಯಿದ್ದರೆ ಎಷ್ಟು ಚೆನ್ನಾಗಿ ಹಾಕಿದರೂ ಗರಗರ ಸದ್ದು ತಪ್ಪದು.

ಆದರೆ ಗೇರ್ ಕೆಟ್ಟಿತೆಂಬ ದೂರಿಗೆಲ್ಲ ಪೆಟ್ಟಿಗೆಯೊಳಗೇ ಕಾರಣವಿರಬೇಕೆಂದಿಲ್ಲ. ಪೆಟ್ಟಿಗೆ ಬಿಚ್ಚುವ ಆತುರ ದುಬಾರಿ. ಎಂಜಿನ್ ಕೂಗುತ್ತಿದ್ದು ದೋಣಿ ಕದಲದಿದ್ದರೆ ಮೊದಲು ಪ್ರೊಪೆಲರ್ ನೋಡಬೇಕು. ಶಿಯರ್ ಪಿನ್ ಮುರಿದಿರಬಹುದು, ಇಲ್ಲವೇ ನಡುವಿನ ರಬ್ಬರ್ ಹಬ್ ಜಾರುತ್ತಿರಬಹುದು. ಹಿಡಿ ಗಟ್ಟಿಯಾಗಿ ಕೂತಿದ್ದರೆ, ರಿಮೋಟ್ ಕಂಟ್ರೋಲ್ ಇರುವ ದೋಣಿಯಲ್ಲಿ ಎಂಜಿನ್ ಬದಿಯಿಂದ ಕೇಬಲ್ ಕಳಚಿ, ಅಲ್ಲಿನ ಲಿವರನ್ನು ಕೈಯಲ್ಲೇ ಆಡಿಸಿ ನೋಡುವುದು ಸರಳ ಪರೀಕ್ಷೆ. ಆಗ ಸಲೀಸಾಗಿ ಬಂದರೆ ಉಪ್ಪು ತಿಂದ ಕೇಬಲ್ಲೇ ಅಪರಾಧಿ. ಎಂಜಿನ್ ನಿಂತಿರುವಾಗ ಗೇರ್ ಬೀಳದಿದ್ದರೆ ಅದು ದೋಷವೇ ಅಲ್ಲ. ಹಲ್ಲಿಗೆ ಹಲ್ಲು ಎದುರಾಗಿರುತ್ತದೆ. ಸ್ಪಾರ್ಕ್ ಪ್ಲಗ್ಗಿನ ವೈರ್ ತೆಗೆದು, ಪ್ರೊಪೆಲರನ್ನು ಕೈಯಿಂದ ತುಸು ತಿರುಗಿಸುತ್ತಾ ಹಾಕಿದರೆ ಬೀಳುತ್ತದೆ. ನೀರಿನ ಪಂಪ್‌ನ ಇಂಪೆಲ್ಲರ್ ಬದಲಿಸಿದ ಮರುದಿನವೇ ನ್ಯೂಟ್ರಲ್ ಸಿಗುತ್ತಿಲ್ಲವೆಂದರೆ, ಕೆಳಭಾಗ ಮರುಜೋಡಿಸುವಾಗ ಶಿಫ್ಟ್ ರಾಡ್ ಸರಿಯಾಗಿ ಕೂತಿಲ್ಲವೆಂದು ಅನುಮಾನಿಸಬೇಕು.

ಕಡಲಿನಿಂದ ದೂರದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಕೆರೆಗಳಲ್ಲಿ ಮೀನು ಹಿಡಿಯುವ, ಎಂಜಿನ್ನಿಲ್ಲದ ತೆಪ್ಪ, ಹರಿಗೋಲುಗಳಿಗೆ ಈ ತಾಪತ್ರಯವಿಲ್ಲ. ಇಂಥ ಒಳನಾಡಿನಲ್ಲಿ ಔಟ್‌ಬೋರ್ಡ್ ಬೇಕಾಗುವುದು ರಕ್ಷಣಾ ಕಾರ್ಯದ ರಬ್ಬರ್ ದೋಣಿಗಳಿಗೆ. ಅವುಗಳ ಶತ್ರು ಉಪ್ಪಲ್ಲ, ತಿಂಗಳುಗಟ್ಟಲೆ ಸುಮ್ಮನೆ ಕೂರುವುದು: ಗ್ರೀಸ್ ಒಣಗಿ ಕೀಲುಗಳು ಹಿಡಿದುಕೊಳ್ಳುತ್ತವೆ. ಜೊಂಡು, ಹಗ್ಗ, ಬಲೆಯ ನೂಲು ಪ್ರೊಪೆಲರ್ ಶಾಫ್ಟ್‌ಗೆ ಸುತ್ತಿಕೊಂಡು ಸೀಲ್ ಕೊಯ್ಯುವುದು ಮಾತ್ರ ಕೆರೆಗೂ ಕಡಲಿಗೂ ಸಮಾನ.

ಸೀಲ್ ಹೋಗಿದೆಯೇ ಎಂಬುದನ್ನು ಗೇರ್ ಆಯಿಲ್ ಹೇಳುತ್ತದೆ. ಕೆಳಗಿನ ಸ್ಕ್ರೂ ತೆಗೆದಾಗ ಹಾಲು ಬೆರೆಸಿದಂಥ ಬೂದು ಎಣ್ಣೆ ಬಂದರೆ ಒಳಗೆ ನೀರು ಸೇರಿದೆ. ಸ್ಕ್ರೂವಿನ ಆಯಸ್ಕಾಂತಕ್ಕೆ ಅಂಟಿದ ನಯವಾದ ಕಪ್ಪು ಪುಡಿಗೆ ಗಾಬರಿ ಬೇಡ. ಕೈಗೆ ಚುಚ್ಚುವ ಲೋಹದ ಚೂರುಗಳಿದ್ದರೆ ಹಲ್ಲು ಮುರಿಯುತ್ತಿದೆ ಎಂದೇ ಅರ್ಥ, ಆಗ ಪೆಟ್ಟಿಗೆ ಬಿಚ್ಚಲೇಬೇಕು. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದಲೇ, ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದೆ ಹೊರಬರುವವರೆಗೆ ತುಂಬಬೇಕು. ಮೇಲಿನಿಂದ ಸುರಿದರೆ ಗಾಳಿ ಸಿಕ್ಕಿಕೊಂಡು ಎಣ್ಣೆ ಕಡಿಮೆ ಬೀಳುತ್ತದೆ. ಮುಚ್ಚುವಾಗ ಮೊದಲು ಮೇಲಿನ ಸ್ಕ್ರೂ, ಆಮೇಲೆ ಕೆಳಗಿನದು. ಎರಡಕ್ಕೂ ಹೊಸ ವಾಷರ್.