ಸೀಸದ ಮೊಳೆ, ಕಲ್ಯಾಣದ ಮಾತು

ಕನ್ನಡಕ್ಕೆ ಅಚ್ಚಿನ ಸೊಗಸು ತಂದುಕೊಟ್ಟ ಜರ್ಮನ್ ಪಾದ್ರಿಗಳು ತಮ್ಮ ಬೈಬಲನ್ನು ಓದುತ್ತಿದ್ದುದು ದುಂಡಗಿನ ಅಕ್ಷರಗಳಲ್ಲಲ್ಲ. ಅವರ ಮನೆಯ ಲಿಪಿ ‘ಫ್ರಾಕ್ಟೂರ್’. ಹೆಸರಿನ ಅರ್ಥವೇ ಮುರಿದದ್ದು. ಪ್ರತಿ ತಿರುವಿನಲ್ಲೂ ಗೆರೆ ಮುರಿದು ಮೂಲೆಯಾಗುವ ದಟ್ಟ ಕಪ್ಪು ಅಕ್ಷರ. 1450ರ ದಶಕದಲ್ಲಿ ಗುಟೆನ್‌ಬರ್ಗ್ ಬೈಬಲ್ ಅಚ್ಚು ಹಾಕಿದ್ದು ಇದೇ ಕುಲದ ಮೊಳೆಗಳಿಂದ. ನೆರೆಯ ದೇಶಗಳು ರೋಮನ್ ಅಕ್ಷರಕ್ಕೆ ಹೊರಳಿದರೂ ಜರ್ಮನರು ಬಿಡಲಿಲ್ಲ. ಕೊನೆಗೆ ಬಿಡಿಸಿದ್ದು ಹಿಟ್ಲರನ ಆಡಳಿತ! 1941ರ ಜನವರಿ 3ರ ಸುತ್ತೋಲೆ ಈ ಲಿಪಿಯನ್ನು ಯಹೂದಿಗಳದ್ದೆಂದು ಜರೆಯಿತು. ಮಾತಿಗೆ ಆಧಾರವಿರಲಿಲ್ಲ. ತಮಾಷೆಯೆಂದರೆ, ಸುತ್ತೋಲೆಯ ಕಾಗದದ ತಲೆಬರಹವೇ ಆ ಮುರಿದ ಅಕ್ಷರದಲ್ಲಿತ್ತು.

ಇಂಥ ಅಕ್ಷರ ಕಲಿತು ಬೆಳೆದವರು ಮಂಗಳೂರಿಗೆ ಬಂದು ಕನ್ನಡದ ದುಂಡು ತಿದ್ದಿದರು. ಕನ್ನಡದ ಮೊಳೆ ಅವರಿಗಿಂತ ಹಳೆಯದು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲೇ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಗಿತ್ತು. ಆದರೆ ಮೊಳೆ ಎರೆಯುವುದು ಸುಲಭವಲ್ಲ. ಒತ್ತಕ್ಷರ ಸಾಲಿನ ಕೆಳಗಿಳಿಯಬೇಕು, ಕೊಂಬು ಬಲಕ್ಕೆ ಅಂಟಬೇಕು, ಗುಡಿಸು ಮೇಲೇರಬೇಕು. ಇಂಗ್ಲಿಷಿಗಿಂತ ಹಲವು ಪಟ್ಟು ಮೊಳೆ ಬೇಕು. ಅದಕ್ಕೇ ಬಾಸೆಲ್ ಮಿಶನ್ನಿನವರು 1841ರಲ್ಲಿ ಆರಂಭಿಸಿದ್ದು ಕಲ್ಲಚ್ಚಿನಿಂದ. ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ವೂ ಕಲ್ಲಚ್ಚಿನದೇ. ಸೀಸದ ಮೊಳೆ ನೆಲೆಯೂರಿದ್ದು 1850ರ ದಶಕದಲ್ಲಿ. ಕಿಟೆಲರ ನಿಘಂಟು (1894) ಆ ಕಸುಬಿನ ಶಿಖರ.

ಇಲ್ಲಿ ಕಲ್ಯಾಣದ ಮಾತು ಬರುತ್ತದೆ. ಮೋಗ್ಲಿಂಗರು ಕಲ್ಲಚ್ಚಿನಲ್ಲಿ ಹೊರತಂದ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಭೀಮಕವಿಯ ‘ಬಸವಪುರಾಣ’ವೂ ಇತ್ತು. ಬಸವಣ್ಣನ ಕಥೆ ಹೀಗೆ ಕಡಲತೀರದಲ್ಲಿ ಅಚ್ಚಾಯಿತು. ಆದರೆ ಅವನು ಬಿಜ್ಜಳನ ಭಂಡಾರಿಯಾಗಿದ್ದ ಊರು, ಇಂದಿನ ಬಸವಕಲ್ಯಾಣ, ಪಕ್ಕದ ಹುಮನಾಬಾದ ಎರಡೂ ಆಗ ನಿಜಾಮರ ಸೀಮೆ. 1880ರ ದಶಕದಿಂದ ಅಲ್ಲಿ ಕಚೇರಿಯ ಭಾಷೆ ಉರ್ದು. ಉರ್ದುವಿನ ಇಳಿಜಾರು ಬರಹ ಮೊಳೆಗೆ ಸುಲಭವಾಗಿ ಒಗ್ಗದ್ದರಿಂದ ಬಹುಪಾಲು ಕಲ್ಲಚ್ಚನ್ನೇ ನೆಚ್ಚಿತ್ತು.

ಪುರಾಣವೇನೋ ಅಚ್ಚಾಯಿತು, ವಚನಗಳು? ಅವು ಮಠಗಳ, ಮನೆಗಳ ತಾಳೆಗರಿಗಳಲ್ಲೇ ಉಳಿದಿದ್ದವು. ಅವನ್ನು ಹುಡುಕಿ ಕೂಡಿಸಿದವರು ವಿಜಾಪುರದ ವಕೀಲ ಫ.ಗು. ಹಳಕಟ್ಟಿ. ಸಂಗ್ರಹವನ್ನು ಅವರು ಮಂಗಳೂರಿನ ಮಿಶನ್ ಮುದ್ರಣಾಲಯಕ್ಕೆ ಕಳಿಸಿದಾಗ ಅದು ಅಚ್ಚಾಗದೆ ಹಿಂದಿರುಗಿತೆಂಬ ಕಥೆ ಪ್ರಚಲಿತವಾಗಿದೆ. ಮತಪ್ರಚಾರಕ್ಕೆ ತೊಡಕಾದೀತೆಂಬುದೇ ಕಾರಣವೆಂದೂ ಹೇಳುವವರಿದ್ದಾರೆ. ನಿಜವಿದ್ದರೆ, ಬಸವಪುರಾಣವನ್ನು ತಾನಾಗಿ ಅಚ್ಚು ಹಾಕಿದ ಮೋಗ್ಲಿಂಗರ ಪರಂಪರೆಗೆ ಅದು ಒಪ್ಪುವ ನಡೆಯಲ್ಲ. ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಗಿ 1923ರಲ್ಲಿ ಹೊರಬಂತು. ಎರಡು ವರ್ಷಗಳ ಬಳಿಕ ಹಳಕಟ್ಟಿಯವರು ಮನೆ ಮಾರಿ, ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯ ತೆರೆದರು. ಮುಂದಿನ ವರ್ಷ ‘ಶಿವಾನುಭವ’ ಪತ್ರಿಕೆ ಆರಂಭವಾಯಿತು.