ಏಕೋಪಾಧ್ಯಾಯ ಶಾಲೆ

ಒಬ್ಬರೇ ಶಿಕ್ಷಕರು ಎಲ್ಲ ತರಗತಿಗಳಿಗೂ ಎಲ್ಲ ವಿಷಯಗಳನ್ನೂ ಕಲಿಸುವ ಶಾಲೆ. ಕರ್ನಾಟಕದಲ್ಲಿ ಮಲೆನಾಡಿನ ಚದುರಿದ ಊರುಗಳು, ಕಾಡಂಚಿನ ಹಾಡಿಗಳು, ಬಯಲುಸೀಮೆಯ ತಾಂಡಾ ಮತ್ತು ದೊಡ್ಡಿಗಳಲ್ಲಿರುವ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳು ಹೆಚ್ಚಾಗಿ ಈ ಸ್ಥಿತಿಯಲ್ಲಿರುತ್ತವೆ. ಇದನ್ನು ಶಿಕ್ಷಕರ ಕೊರತೆಯಿಂದ ಈಚೆಗೆ ಹುಟ್ಟಿದ ತೊಡಕು ಎಂದಷ್ಟೇ ತಿಳಿಯುವುದು ಸರಿಯಲ್ಲ. ಕನ್ನಡ ನಾಡಿನ ಹಳ್ಳಿಗಳಲ್ಲಿ ಶಾಲೆ ಮೊದಲು ಕಾಣಿಸಿಕೊಂಡದ್ದೇ ಈ ರೂಪದಲ್ಲಿ.

ಹಿಂದೆ ಇಂಥ ಶಾಲೆಗೆ ಕೂಲಿಮಠ, ಐಗಳ ಮಠ, ಗಾವಟಿ ಶಾಲೆ ಎಂಬ ಹೆಸರುಗಳಿದ್ದವು. ಗುಡಿಯ ಪೌಳಿಯಲ್ಲೋ ಊರಿನ ಅನುಕೂಲಸ್ಥರ ಜಗಲಿಯ ಮೇಲೋ ಮಠ ನಡೆಯುತ್ತಿತ್ತು. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಕೈ ಕುದುರಿದ ಮೇಲೆ ಕಡತಕ್ಕೆ ಬಡ್ತಿ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಹಚ್ಚಿ, ಒಣಗಿಸಿ, ಮಡಿಸಿಟ್ಟುಕೊಳ್ಳುತ್ತಿದ್ದ ಕಡತದ ಮೇಲೆ ಬಳಪದಲ್ಲಿ ಬರೆದು ಅಳಿಸಿ ಮತ್ತೆ ಬರೆಯಬಹುದಿತ್ತು. ಐಗಳಿಗೆ, ಅಂದರೆ ಮಠದ ಗುರುವಿಗೆ, ಸಂಬಳವೆಂದರೆ ಮಕ್ಕಳ ಮನೆಯವರು ಕೊಡುವ ಪುಡಿಗಾಸು, ಸುಗ್ಗಿಯಲ್ಲಿ ಒಂದಿಷ್ಟು ಕಾಳು. ಮಹಾನವಮಿಯಲ್ಲಿ ಅವರು ಮಕ್ಕಳನ್ನು ಕರೆದುಕೊಂಡು ಮನೆಮನೆಗೆ ಹೋಗಿ ಚೌಪದ ಹಾಡಿಸುತ್ತಿದ್ದರು. ಅಲ್ಲಿ ಸಿಕ್ಕ ಕಾಣಿಕೆಯೂ ಅವರ ವರಮಾನವೇ.

ಈ ಮಠಗಳ ಒಳನೋಟ ಸಿಗುವುದು ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರಲ್ಲಿ ಬರೆದ ವರದಿಯಲ್ಲಿ. ಮದರಾಸು ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಆಜ್ಞೆ ಮಾಡಿದ ಶಾಲಾ ಸಮೀಕ್ಷೆಗೆ ಕ್ಯಾಂಬೆಲ್ ಕಳುಹಿಸಿದ ಉತ್ತರ ಅದು. ತೆಲುಗು ಸೀಮೆಯನ್ನೂ ಒಳಗೊಂಡಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳು, 6,641 ಮಕ್ಕಳು. ಶಾಲೆಗೆ ಸರಾಸರಿ ಹನ್ನೆರಡು ಚಿಲ್ಲರೆ. 235 ಶಾಲೆಗಳಲ್ಲಿ ಕನ್ನಡ ಕಲಿಸುತ್ತಿದ್ದರು. ಹೆಣ್ಣುಮಕ್ಕಳು ಬರೀ ಅರವತ್ತು. ಮಠಗಳ ನೆನಪನ್ನು ಅಭಿಮಾನದಿಂದ ಹೇಳುವಾಗ ಈ ಸಂಖ್ಯೆಯನ್ನು ಮರೆಯುವಂತಿಲ್ಲ.

ಕ್ಯಾಂಬೆಲ್ ಬರೆಯುವಂತೆ, ಬೆಳಗಿನ ಆರು ಗಂಟೆಗೇ ಶಾಲೆ ಶುರುವಾಗುತ್ತಿತ್ತು. ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಮುಂದೆ ಬಂದವರಿಗೆ ಒಂದೊಂದು ಹೆಚ್ಚು. ಎಲ್ಲರೂ ಸೇರಿದ ಮೇಲೆ ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ಗುಂಪು ಮಾಡುತ್ತಿದ್ದರು. ಮೇಲಿನ ಗುಂಪುಗಳು ಐಗಳ ಕೈಕೆಳಗೆ, ಕೆಳಗಿನವು ಬಹುಮಟ್ಟಿಗೆ ಹಿರಿಯ ಹುಡುಗರ ಉಸ್ತುವಾರಿಯಲ್ಲಿ. ಹಿರಿಯರು ಕಿರಿಯರಿಗೆ ಹೇಳಿಕೊಡುತ್ತಲೇ ತಮ್ಮ ಕಲಿಕೆಯನ್ನೂ ಗಟ್ಟಿಮಾಡಿಕೊಳ್ಳುವ ಈ ಕ್ರಮವನ್ನು ಕ್ಯಾಂಬೆಲ್ ಮೆಚ್ಚಿ ಬರೆದಿದ್ದಾನೆ. ಇಂಗ್ಲೆಂಡಿನವರು ಇದನ್ನು ಅನುಸರಿಸಿದ್ದು ಯೋಗ್ಯವೇ ಎಂಬುದು ಅವನ ಅಭಿಪ್ರಾಯ. ಮದರಾಸಿನ ಅನಾಥಾಲಯದಲ್ಲಿ ಈ ಪದ್ಧತಿಯನ್ನು ಪ್ರಯೋಗಿಸಿದ ಆಂಡ್ರ್ಯೂ ಬೆಲ್ 1797ರಲ್ಲಿ ಅದರ ವರದಿಯನ್ನು ಅಚ್ಚು ಹಾಕಿಸಿದ್ದ. ಇಂಗ್ಲೆಂಡಿನಲ್ಲಿ ಅದಕ್ಕೆ 'ಮದರಾಸು ಪದ್ಧತಿ' ಎಂಬ ಹೆಸರು ಬಿತ್ತು. ಒಬ್ಬನೇ ಗುರು ನಾಲ್ಕು ಗುಂಪುಗಳನ್ನು ನಡೆಸುವ ಉಪಾಯ ನಮ್ಮ ಊರಿನ ಜಗಲಿಗಳಲ್ಲಿ ರೂಢಿಯಲ್ಲಿತ್ತು ಎಂಬುದಕ್ಕೆ ಕ್ಯಾಂಬೆಲ್‌ನ ಮಾತೇ ಸಾಕ್ಷಿ. ಆದರೆ ಅವನ ಅದೇ ವರದಿಯಲ್ಲಿ, ಜನ ಬಡವಾಗುತ್ತ ಬಂದದ್ದರಿಂದ ಅನೇಕ ಊರುಗಳಲ್ಲಿ ಶಾಲೆ ಇಲ್ಲವಾಗಿದೆ ಎಂಬ ಮಾತೂ ಇದೆ.

ಸರ್ಕಾರ ಶಾಲೆಗಳ ಹೊಣೆ ಹೊತ್ತಾಗಲೂ ಒಬ್ಬ ಮೇಷ್ಟ್ರ ಪದ್ಧತಿ ಮುಂದುವರಿಯಿತು. ಮೈಸೂರು ಸಂಸ್ಥಾನದಲ್ಲಿ ಬಿ.ಎಲ್. ರೈಸ್ ರೂಪಿಸಿದ ಹೋಬಳಿ ಶಾಲೆಗಳ ಯೋಜನೆ 1868ರದು. ಮುಂಬಯಿ ಕರ್ನಾಟಕದಲ್ಲಿ ಕನ್ನಡ ಶಾಲೆಗಳನ್ನು ಹಬ್ಬಿಸಿದವರು ಡೆಪ್ಯುಟಿ ಚನ್ನಬಸಪ್ಪನವರು. ಅಲ್ಲಿ 1865ರಲ್ಲಿ ಹೊರಟ ಶಿಕ್ಷಕರ ಪತ್ರಿಕೆಯ ಹೆಸರು 'ಮಠಪತ್ರಿಕೆ'; ಶಾಲೆಗೆ ಮಠ ಎನ್ನುವ ರೂಢಿ ಎಷ್ಟು ಆಳವಾಗಿತ್ತೆಂದು ಇದರಿಂದ ತಿಳಿಯುತ್ತದೆ.

ಒಂಟಿ ಶಿಕ್ಷಕರ ಶಾಲೆ ಇರಕೂಡದು ಎಂದು ನೀತಿಯ ಮಟ್ಟದಲ್ಲಿ ತೀರ್ಮಾನವಾದದ್ದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ. ಅದರ ಬೆನ್ನಿಗೇ 1987–88ರಲ್ಲಿ ಬಂದ 'ಆಪರೇಷನ್ ಬ್ಲ್ಯಾಕ್‌ಬೋರ್ಡ್' ಯೋಜನೆ ಪ್ರತಿ ಪ್ರಾಥಮಿಕ ಶಾಲೆಗೆ ಎರಡು ಕೋಣೆ, ಕನಿಷ್ಠ ಇಬ್ಬರು ಶಿಕ್ಷಕರು, ಆದಷ್ಟೂ ಅವರಲ್ಲಿ ಒಬ್ಬರು ಮಹಿಳೆ ಎಂದು ಗುರಿ ಇಟ್ಟುಕೊಂಡಿತು. ಕರ್ನಾಟಕದಲ್ಲಿ ಬೋಧನೆಯ ಕಡೆಯಿಂದ ದೊಡ್ಡ ಹೆಜ್ಜೆ ಎಂದರೆ ನಲಿ-ಕಲಿ. ಆಂಧ್ರಪ್ರದೇಶದ ರಿಷಿ ವ್ಯಾಲಿ ಶಾಲೆಯ ಪ್ರಯೋಗವನ್ನು ನೋಡಿ ಬಂದ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನಿಂದ ಇದನ್ನು ಕಟ್ಟಿದರು. 2009–10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಗೋಡೆಯ ಮೇಲೆ ಕಲಿಕಾ ಏಣಿ, ತಲೆಯ ಮೇಲೆ ದಾರ ಕಟ್ಟಿದ ಕಲಿಕಾ ಚಪ್ಪರ, ಅದರಲ್ಲಿ ಮಕ್ಕಳು ಮಾಡಿದ ಚಿತ್ರಗಳು. ನೆಲದ ಮೇಲೆ ಐದು ತಟ್ಟೆ, ತಟ್ಟೆಗೊಂದು ಗುಂಪು: ಶಿಕ್ಷಕರ ಸಂಪೂರ್ಣ ಸಹಾಯ ಬೇಕಾದವರು, ಭಾಗಶಃ ಬೇಕಾದವರು, ಸಹಪಾಠಿಗಳ ಸಂಪೂರ್ಣ ಸಹಾಯದವರು, ಭಾಗಶಃ ಸಹಾಯದವರು, ಕೊನೆಗೆ ಸ್ವಕಲಿಕೆಯವರು. ಮಗು ತನ್ನ ಕಲಿಕಾ ಕಾರ್ಡು ಮುಗಿಸಿ ಎದ್ದು ಮುಂದಿನ ತಟ್ಟೆಗೆ ಹೋಗುತ್ತದೆ. ಬಳ್ಳಾರಿಯ ಐಗಳು ಮಾಡಿದ್ದ ಗುಂಪುಗಳೇ, ಆದರೆ ಬೆತ್ತವಿಲ್ಲದೆ, ಹುಡುಗ ಹುಡುಗಿಯರು ಒಟ್ಟಿಗೆ.

ಆದರೆ ಐಗಳಿಗೆ ಇಲ್ಲದಿದ್ದ ಹೊರೆ ಇಂದಿನ ಶಿಕ್ಷಕರ ಮೇಲಿದೆ. ಮುಖ್ಯಶಿಕ್ಷಕರ ಚಾರ್ಜೂ ಅವರದೇ. ಹಾಜರಿ, ಬಿಸಿಯೂಟದ ಅಕ್ಕಿ ಬೇಳೆಯ ಲೆಕ್ಕ, ಮಕ್ಕಳ ಮಾಹಿತಿಯ ದಾಖಲು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆ, ಕ್ಲಸ್ಟರ್ ಸಭೆ, ತರಬೇತಿ. ಜನಗಣತಿ ಮತ್ತು ಚುನಾವಣೆಯ ಕೆಲಸಕ್ಕೆ ಶಿಕ್ಷಕರನ್ನು ಬಳಸಲು ಶಿಕ್ಷಣ ಹಕ್ಕು ಕಾಯ್ದೆಯೇ ಅವಕಾಶ ಕೊಟ್ಟಿದೆ. ಅವರಿಗೆ ಜ್ವರ ಬಂದ ದಿನ ನಿಯೋಜನೆಯ ಮೇಲೆ ಪಕ್ಕದ ಊರಿನ ಶಿಕ್ಷಕರು ಬರಬೇಕು, ಬರದಿದ್ದರೆ ಬೀಗ. ವಿಧಾನ ಎಷ್ಟು ಚೆನ್ನಾಗಿದ್ದರೂ, ಮೊದಲ ತಟ್ಟೆಯ ಪಕ್ಕ ಕೂತು ಅಕ್ಷರ ತಿದ್ದಿಸಬೇಕಾದವರು ವರದಿ ತುಂಬುತ್ತಿದ್ದರೆ ಅದು ನಿಲ್ಲದು.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರಿರಬೇಕು. ಹಾಜರಿ ಪುಸ್ತಕದಲ್ಲಿ ಹನ್ನೆರಡೇ ಹೆಸರಿದ್ದರೂ ತರಗತಿಗಳು ಐದು ಇರುತ್ತವೆ. ಆದ್ದರಿಂದ ಹಾಡಿಯ, ತಾಂಡಾದ ಸಣ್ಣ ಶಾಲೆಗೆ ಎರಡನೆಯ ಶಿಕ್ಷಕರನ್ನು ಕೊಡುವಾಗ ಎಣಿಸಬೇಕಾದದ್ದು ಮಕ್ಕಳ ತಲೆಗಳನ್ನಲ್ಲ, ತರಗತಿಗಳನ್ನು.