ಹೂಲಿಯ ಸೀಮೆಯಲ್ಲಿ ಧ್ವನಿಯಂತ್ರದ ಸದ್ದು

ಸವದತ್ತಿಗೆ ಅನತಿದೂರದಲ್ಲಿರುವ ಹೂಲಿಯು ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೂಲಿಯೆಂಬ ಅಗ್ರಹಾರವಾಗಿ ಕೀರ್ತಿತವಾದ ಗ್ರಾಮ. ಅದರ ಪಂಚಲಿಂಗೇಶ್ವರ ಗುಡಿಯನ್ನೂ ಸುತ್ತಮುತ್ತ ಭಗ್ನವಾಗಿ ನಿಂತಿರುವ ಇತರ ದೇವಾಲಯಗಳನ್ನೂ ನೋಡಬಂದವರು ಶಿಲ್ಪವನ್ನು ಕುರಿತು ಬಹುವಾಗಿ ಮಾತನಾಡುವರು. ಆ ಕಲ್ಲಿನ ಮಂಟಪಗಳಲ್ಲಿ ಒಂದು ದನಿ ಹೇಗೆ ಮೊಳಗಿ ಹೇಗೆ ಅಡಗುತ್ತಿದ್ದಿತೆಂಬುದನ್ನು ಕೇಳುವವರು ವಿರಳ. ಹಾಡುವವನಿಗೂ ಕೇಳುವವನಿಗೂ ನಡುವೆ ಗಾಳಿಯೊಂದೇ ಇದ್ದ ಆ ದೀರ್ಘಕಾಲದ ತರುವಾಯ, ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಒಂದಾದ ಮೇಲೊಂದು ಯಂತ್ರ ಬಂದು ಆ ನಡುವಿನ ಎಡೆಯನ್ನು ಆಕ್ರಮಿಸಿತು. ಬಂದ ಪ್ರತಿಯೊಂದು ಯಂತ್ರವೂ ಗಾಯಕನ ದನಿಯೊಡನೆ ತನ್ನದೇ ಆದ ಸದ್ದೊಂದನ್ನು ಬೆರೆಸಿತು. ಆ ಸದ್ದನ್ನು ಅಳೆಯಲು ಮನುಷ್ಯನು ಪಟ್ಟ ಶ್ರಮದ ಚರಿತ್ರೆಯೂ ಸಂಗೀತದ ಚರಿತ್ರೆಯ ಭಾಗವೇ ಎಂಬುದು ನನ್ನ ದೃಢವಾದ ನಂಬಿಕೆ.

ಯಂತ್ರವಿಲ್ಲದ ದಿನಗಳಲ್ಲಿಯೂ ಅಳತೆ ಇಲ್ಲದಿರಲಿಲ್ಲ. ಇದೇ ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಜನಿಸಿ, 2017ರವರೆಗೆ ಬಾಳಿ, ಕಲಾವೈಭವ ನಾಟ್ಯಸಂಘವನ್ನು ನಡೆಸಿದ ಏಣಗಿ ಬಾಳಪ್ಪನವರ ಪೀಳಿಗೆಯ ನಟರು, ಗ್ಯಾಸ್‌ಬತ್ತಿಗಳು ಎಡೆಬಿಡದೆ ಸುಂಯ್‌ಗುಟ್ಟುತ್ತಿದ್ದ ತಂಬುವಿನೊಳಗೆ ಕೊಟ್ಟಕೊನೆಯ ಸಾಲಿನವನಿಗೂ ಕಂದಪದ್ಯದ ಕಡೆಯ ಅಕ್ಷರ ಕೇಳುವಂತೆ ಹಾಡಬೇಕಾಗಿದ್ದಿತು. ಬತ್ತಿಯ ಸದ್ದು ಎಷ್ಟೆಂದು ಅವರಾರೂ ಬಿಡಿಯಾಗಿ ವಿಚಾರಿಸಲಿಲ್ಲ. ಹಾಡು ಅದರ ಮೇಲೆ ಎಷ್ಟು ಎದ್ದು ನಿಲ್ಲುವುದೆಂಬುದನ್ನಷ್ಟೇ ಅರಿತಿದ್ದರು. ಪ್ರಯೋಗಶಾಲೆಗಳು ಮುಂದೆ ಬಹುಕಾಲದ ಮೇಲೆ ಒಪ್ಪಿಕೊಂಡ ತತ್ತ್ವವೂ ಇದೇ.

ಗ್ರಾಮಫೋನು ಬಂದಾಗ ಈ ತತ್ತ್ವ ಕಠಿಣವಾಗಿ ಪರೀಕ್ಷಿತವಾಯಿತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನರ ಕಂಠವನ್ನು ಮುದ್ರಿಸಿಕೊಂಡ ಆ ತಟ್ಟೆಗಳು ಅರಗಿನೊಡನೆ ಕಲ್ಲಿನ ಪುಡಿಯನ್ನು ಕಲಸಿ ಮಾಡಿದವು. ಆ ಪುಡಿಯೇ ಉಕ್ಕಿನ ಮುಳ್ಳನ್ನು ಗೆರೆಗೆ ತಕ್ಕಂತೆ ಸವೆಸುತ್ತ, ಜೊತೆಜೊತೆಗೇ ಕರಕರನೆಯ ಸದ್ದನ್ನೂ ಹುಟ್ಟಿಸುತ್ತಿದ್ದಿತು. ಮೂವತ್ತರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರು ಗಾಂಧಾರಿ ಎಂಬ ಹೆಸರಿನಿಂದ ಹಾಡಿದ ತಟ್ಟೆಗಳನ್ನು ಕೇಳಿದವರು ಆ ಕರಕರವನ್ನು ದಾಟಿಯೇ ಅವರ ಸ್ವರವನ್ನು ಮುಟ್ಟಿದರು.

ಅದಕ್ಕೆ ತುಸು ಮೊದಲು ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಜಾನ್ಸನ್ ಎಂಬ ವಿಜ್ಞಾನಿಯು ಯಾವ ದೋಷವೂ ಇಲ್ಲದ ವಿದ್ಯುತ್ ರೋಧಕವೊಂದು ಕೇವಲ ತನ್ನ ಉಷ್ಣತೆಯಿಂದಲೇ ಸದ್ದನ್ನು ಹೊರಡಿಸುವುದೆಂದು ಅಳೆದು ತೋರಿಸಿದನು; ಸಹೋದ್ಯೋಗಿ ನೈಕ್ವಿಸ್ಟನು ಅದರ ಗಣಿತವನ್ನು ಬಿಡಿಸಿದನು; ಇಬ್ಬರ ಲೇಖನಗಳೂ 1928ರಲ್ಲಿ ಪ್ರಕಟವಾದವು. ಈ ಸದ್ದಿನ ಶಕ್ತಿ ನಿರಪೇಕ್ಷ ಉಷ್ಣತೆಯನ್ನು ಅನುಸರಿಸುವುದರಿಂದ, ಛಳಿಗಾಲದ 20 ಡಿಗ್ರಿಯಿಂದ ಸವದತ್ತಿಯ ವೈಶಾಖದ 40 ಡಿಗ್ರಿಗೆ ಬಂದರೂ ಏರುವುದು ಡೆಸಿಬೆಲ್ಲಿನ ಮೂರನೆಯ ಒಂದಂಶಕ್ಕಿಂತ ಕಡಿಮೆ. ಎಂಥ ನಿಪುಣನೂ ಇಳಿಯಲಾರದ ನೆಲವೊಂದು ಸೃಷ್ಟಿಯಲ್ಲಿಯೇ ಇದೆಯೆಂಬುದು ಅಂದಿನಿಂದ ಖಚಿತವಾಯಿತು.

ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ 30 ವಾಟ್‌ಗಳ ಪ್ರೇಷಕದ ಮೂಲಕ ಪ್ರಸಾರವನ್ನಾರಂಭಿಸಿದರಾದರೂ, ಹೂಲಿಯ ಕಡೆಯವರಿಗೆ ರೇಡಿಯೋ ನಿಜವಾಗಿ ತಮ್ಮದಾದುದು 1950ರ ಜನವರಿ 8ರಂದು ಧಾರವಾಡದ ನಿಲಯ ತೆರೆದ ಬಳಿಕ. ಮಲ್ಲಿಕಾರ್ಜುನ ಮನಸೂರರು ಸಂಗೀತ ಸಲಹಾಕಾರರಾಗಿದ್ದ ಆ ನಿಲಯದ ಧ್ವನಿಮುದ್ರಣಗಳಲ್ಲಿ ಗಾಯನಕ್ಕಿಂತ ಮೊದಲು ಕೇಳುವುದು ಟೇಪಿನ ತೆಳುವಾದ ಸುಯ್ಲು, ಬಳಿಕ ತಂಬೂರಿ, ಅದರ ಮೇಲೆ ಷಡ್ಜ.

ಊರೂರಿಗೆ ಮೈಕಿನ ಸೆಟ್ಟು ಬಂದ ಮೇಲೆ ಕಷ್ಟ ಬೇರೆ ಬಗೆಯದಾಯಿತು. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡದಲ್ಲಿ ನೆರೆಯುವ ಅಪಾರ ಜನಸ್ತೋಮದ ನಡುವೆ ಕಟ್ಟುವ ಭೋಂಗಾಗಳಲ್ಲಿ, ತಂತಿಗಳ ಅರ್ಥಿಂಗ್ ಸರಿಯಾಗದಿದ್ದರೆ, 50 ಮತ್ತು 100 ಹರ್ಟ್ಸಿನ ಗುಂಯ್‌ಕಾರವು ಚೌಡಿಕೆಯ ತಂತಿಯ ನಾದವನ್ನೇ ನುಂಗಿಬಿಡುತ್ತದೆ. ಚೌಡಿಕೆಯಂಥ ಸೂಕ್ಷ್ಮವಾದ್ಯಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ಇನ್ನು ಡಿಜಿಟಲ್ ಮಿಕ್ಸರು. ಯಮಹಾ ಸಂಸ್ಥೆ 1987ರಲ್ಲಿ ಡಿಎಂಪಿ7 ಎಂಬುದನ್ನು ಹೊರತಂದ ನಂತರ ಬೆಳೆದ ಈ ವಂಶವು ಇಂದು ಭಜನೆಯ ಮೇಳಗಳಿಂದ ನಾಟಕದ ರಂಗದವರೆಗೂ ಹಬ್ಬಿದೆ. ಅದರ ಸದ್ದನ್ನು ಅಳೆಯುವ ಕ್ರಮ ಹೀಗೆ: ಮೈಕಿನ ಸ್ಥಾನದಲ್ಲಿ 150 ಓಮ್‌ಗಳ ರೋಧಕವೊಂದನ್ನು ಜೋಡಿಸಿ, ಗೇನನ್ನು, ಅಂದರೆ ಹಿಗ್ಗಿಸುವ ಪ್ರಮಾಣವನ್ನು, ಪೂರ್ಣವಾಗಿ ಏರಿಸಿ, ಹೊರಬರುವುದರಲ್ಲಿ 20ರಿಂದ 20,000 ಹರ್ಟ್ಸ್‌ವರೆಗಿನದನ್ನು ಮಾತ್ರ ಮಾಪಕಕ್ಕೆ ಬಿಟ್ಟು, ಕೊಟ್ಟ ಗೇನನ್ನು ಕಳೆಯುವುದು. 0.775 ವೋಲ್ಟನ್ನು ಸೊನ್ನೆಯೆಂದು ಹಿಡಿದರೆ ಜಾನ್ಸನ್ನನ ನೆಲವಿರುವುದು ಸುಮಾರು 131 ಡೆಸಿಬೆಲ್ ಕೆಳಗೆ. ಮೈಕಿನ ದನಿಯನ್ನು ಹಿಗ್ಗಿಸುವ ಒಳ್ಳೆಯ ಪ್ರಿಆಂಪು ಅದಕ್ಕೆ ಎರಡು ಮೂರು ಡೆಸಿಬೆಲ್ಲಿನಷ್ಟು ಸಮೀಪಕ್ಕೆ ಬರಬಲ್ಲುದು. ಆದರೆ ಒಂದರ ಬದಲು 32 ಚಾನೆಲ್‌ಗಳನ್ನು ಸಮನಾಗಿ ತೆರೆದಿಟ್ಟರೆ ಹೊರಗಿನ ಸದ್ದು 15 ಡೆಸಿಬೆಲ್ ಏರುವುದು. ಹಾಡದವನ ಮೈಕನ್ನು ಮುಚ್ಚಬೇಕೆಂದು ಅನುಭವಸ್ಥರು ಹೇಳುವುದು ಸುಮ್ಮನಲ್ಲ.

ಅಳತೆಯಲ್ಲಿ ಮೋಸಹೋಗುವ ಸ್ಥಾನವೊಂದು ಇಲ್ಲಿದೆ. 24 ಬಿಟ್‌ಗಳ ಲೆಕ್ಕದಲ್ಲಿ 144 ಡೆಸಿಬೆಲ್ಲಿನ ಹರಹು ದೊರೆಯಬೇಕು. ಕಾರ್ಯತಃ ದನಿಗೂ ಅಂಕಿಗೂ ನಡುವಣ ಉತ್ತಮವಾದ ಪರಿವರ್ತಕಗಳೂ 120ರ ಆಸುಪಾಸಿನಲ್ಲಿ ನಿಲ್ಲುವುವು. ಹೀಗಿರಲು, ಕೆಲವು ಪರಿವರ್ತಕಗಳು ಒಳಗೆ ಧ್ವನಿಯೇ ಇಲ್ಲವೆಂದು ಕಂಡೊಡನೆ ತಾವಾಗಿಯೇ ಬಾಯಿ ಮುಚ್ಚಿಕೊಂಡು, ಮಾಪಕದಲ್ಲಿ ಅದ್ಭುತವಾದ ಮೌನವನ್ನು ತೋರಿಸುತ್ತವೆ. ಹಾಡು ತೊಡಗಿದೊಡನೆ ಸದ್ದು ಮರಳುವುದು. ಈ ಕಾರಣದಿಂದಲೇ ಆಡಿಯೋ ಎಂಜಿನಿಯರುಗಳ ಸಂಘದ ಎಇಎಸ್17 ಎಂಬ ಮಾನದಂಡವು, ಪೂರ್ಣಮಟ್ಟಕ್ಕಿಂತ 60 ಡೆಸಿಬೆಲ್ ಕೆಳಗಿನ 997 ಹರ್ಟ್ಸಿನ ಕ್ಷೀಣಸ್ವರವೊಂದನ್ನು ಹರಿಯಬಿಟ್ಟು, ಆಮೇಲೆ ಆ ಸ್ವರವನ್ನು ಸೋಸಿ ಉಳಿದುದನ್ನು ಅಳೆಯಬೇಕೆಂದು ವಿಧಿಸುತ್ತದೆ. ಯಂತ್ರವನ್ನು ದುಡಿಸುತ್ತಲೇ ಅದರ ಸದ್ದನ್ನು ತಿಳಿಯಬೇಕೆಂಬ ಈ ವಿವೇಕವೂ, ಹಾಡುತ್ತಲೇ ಗ್ಯಾಸ್‌ಬತ್ತಿಯ ಸದ್ದನ್ನು ತೂಗಿದ ಕಂಪನಿಯ ನಟರ ವಿವೇಕವೂ ಮೂಲತಃ ಒಂದೇ ಎಂದು ನನಗೆ ತೋರುತ್ತದೆ.

ಇದು ಬರಿಯ ಎಂಜಿನಿಯರರ ಚರ್ಚೆಯಲ್ಲ. ಆಕಾಶವಾಣಿಯ ಸಂಗ್ರಹದಲ್ಲಿದ್ದ ಹಳೆಯ ಟೇಪುಗಳು ಡಿಜಿಟಲ್ ರೂಪಕ್ಕೆ ಬರುತ್ತಿರುವ ಈ ಕಾಲದಲ್ಲಿ ಆ ಸುಯ್ಲನ್ನು ತೊಡೆದುಹಾಕುವುದು ಒಂದು ಗುಂಡಿಯ ಕೆಲಸ. ಆದರೆ ತಂಬೂರಿಯ ಜವಾರಿಯಿಂದ ಏಳುವ ಮೇಲಿನ ಸಹಸ್ವರಗಳೂ ಟೇಪಿನ ಸುಯ್ಲೂ ಒಂದೇ ನೆಲೆಯಲ್ಲಿ ವಾಸಿಸುವುದರಿಂದ, ಒಂದನ್ನು ಕೀಳುವಾಗ ಮತ್ತೊಂದರ ಬೇರೂ ಹರಿಯುತ್ತದೆ. ಮೂಲವನ್ನು ಸುಯ್ಲು ಸಹಿತವಾಗಿ ಇದ್ದಂತೆಯೇ ಉಳಿಸಿ, ಶೋಧನೆ ಏನಿದ್ದರೂ ಬೇರೊಂದು ಪ್ರತಿಯಲ್ಲಿ ನಡೆಸಬೇಕು. ಆ ಪ್ರತಿಯನ್ನು ಒಪ್ಪುವ ಮುನ್ನ, ತಂಬೂರಿ ಮಿಡಿದ ಕೈಗಳನ್ನು ಬಲ್ಲವರೊಬ್ಬರು ಎರಡನ್ನೂ ಕೂಡಿಸಿಕೊಂಡು ಕೇಳಬೇಕು.